ಮೂಕಿ ಸಿನಿಮಾ ಅರ್ಧಕ್ಕೆ ಬಿಡದೆ ನೋಡುವುದು ಹೇಗೆ? ‘ಆಸ್ಫಾಲ್ಟ್’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

“ಇಪ್ಪತ್ತು ನಿಮಿಷ ನೋಡಿದೆ, ಆಮೇಲೆ ನಿದ್ದೆ ಬಂತು.” “ಎಲ್ಲರೂ ಕೀಲುಗೊಂಬೆ ಥರ ಓಡಾಡ್ತಾರೆ.” “ಏನು ಬರೆದಿದೆ ಅಂತ ಓದೋಕೇ ಆಗಲ್ಲ.” ಹಳೆಯ ಜರ್ಮನ್ ಮೂಕಿ ಚಿತ್ರ ನೋಡಲು ಕೂತವರು ಹೇಳುವ ಮಾತು ಹೆಚ್ಚು ಕಡಿಮೆ ಇಷ್ಟೇ. ಆಸೆಯಿಂದ ಶುರು ಮಾಡುತ್ತಾರೆ, ಅರ್ಧಕ್ಕೆ ಬಿಡುತ್ತಾರೆ, ಆಮೇಲೆ ತಮಗೇ ತಾಳ್ಮೆ ಇಲ್ಲ ಅಂದುಕೊಳ್ಳುತ್ತಾರೆ.

ತಾಳ್ಮೆಯದ್ದಲ್ಲ ಸಮಸ್ಯೆ. ನೋಡಿದ ಪ್ರಿಂಟ್, ಅಂದರೆ ಸಿನಿಮಾದ ಪ್ರತಿ, ಕೆಟ್ಟದ್ದು, ಇಲ್ಲವೇ ವೇಗ ತಪ್ಪು, ಇಲ್ಲವೇ ಟಿವಿಯ ಸೆಟ್ಟಿಂಗ್ ತಪ್ಪು. ಇವನ್ನು ಮೊದಲು ಸರಿಮಾಡಿಕೊಂಡರೆ ಸಿನಿಮಾ ತಾನಾಗಿಯೇ ಹಿಡಿದು ಕೂರಿಸುತ್ತದೆ.

ಇಲ್ಲಿ ಒಂದೇ ಚಿತ್ರ ಇಟ್ಟುಕೊಂಡು ಹೇಳುತ್ತೇನೆ: 1929ರ ‘ಆಸ್ಫಾಲ್ಟ್’. ನಿರ್ದೇಶಕ ಜೋ ಮೇ, ತಯಾರಿಸಿದ್ದು ಬರ್ಲಿನ್ನಿನ ಉಫಾ ಸಂಸ್ಥೆ. ಗುಸ್ಟಾವ್ ಫ್ರೋಲಿಶ್ ಟ್ರಾಫಿಕ್ ಪೊಲೀಸ್ ಹೋಲ್ಕ್, ಬೆಟ್ಟಿ ಅಮಾನ್ ವಜ್ರ ಕದಿಯುವ ಎಲ್ಸ. ಅವನು ಅವಳನ್ನು ಹಿಡಿದು ಠಾಣೆಗೆ ಕರೆದೊಯ್ಯಲು ಹೊರಡುತ್ತಾನೆ. ಠಾಣೆ ತಲುಪುವುದಿಲ್ಲ. ಕಥೆ ಶುರುವಾಗುವುದೇ ಅಲ್ಲಿಂದ. ಮೊದಲ ಸಲ ಮೂಕಿ ನೋಡುವವರಿಗೆ ಇದನ್ನೇ ಯಾಕೆ ಕೊಡುತ್ತೇನೆ ಅಂದರೆ, ಪಾತ್ರಗಳು ಕಡಿಮೆ, ಮನೆಯ ಕಥೆ, ಮತ್ತು ಟೈಟಲ್ ಕಾರ್ಡ್‌ಗಳು (ನಡುನಡುವೆ ಮಾತನ್ನು ಬರೆದು ತೋರಿಸುವ ಫಲಕಗಳು) ಕಥೆಯನ್ನು ಹೊರುವುದಿಲ್ಲ. ಮುಖಗಳೇ ಹೊರುತ್ತವೆ.

ಹಂತಗಳನ್ನು ಹಿಂದುಮುಂದು ಮಾಡಬೇಡಿ. ಪ್ರತಿ ಸರಿಯಿಲ್ಲದೆ ಸಬ್‌ಟೈಟಲ್ ಮಾಡಿದರೆ ಆ ಕೆಲಸವೆಲ್ಲ ಮತ್ತೆ ಮಾಡಬೇಕಾಗುತ್ತದೆ.

ಬೇಕಾಗುವ ಸಾಮಾನು

ಒಂದು ಲ್ಯಾಪ್‌ಟಾಪ್, ಅದರಲ್ಲಿ ವಿಡಿಯೋ ಓಡಿಸುವ ವಿಎಲ್‌ಸಿ ಪ್ಲೇಯರ್. ಟಿವಿ ಅಥವಾ ಪ್ರೊಜೆಕ್ಟರ್, ಎರಡನ್ನೂ ಜೋಡಿಸಲು ಎಚ್‌ಡಿಎಂಐ ಕೇಬಲ್. ಯೂನಿಕೋಡ್ ಕನ್ನಡ ಟೈಪ್ ಮಾಡುವ ಕೀಬೋರ್ಡ್. ಒಂದು ನೋಟ್‌ಬುಕ್. ಮೊಬೈಲ್‌ನಲ್ಲಿ ನೋಡುವ ಯೋಚನೆ ಬಿಟ್ಟುಬಿಡಿ. ಈ ಚಿತ್ರದಲ್ಲಿ ಅರ್ಧ ಕಥೆ ಕಣ್ಣಿನ ಅಂಚಿನಲ್ಲಿ ನಡೆಯುತ್ತದೆ, ಅಂಗೈಯಗಲದ ಪರದೆಯಲ್ಲಿ ಅದು ಕಾಣುವುದಿಲ್ಲ.

ಸಮಯ ಎರಡು ದಿನಕ್ಕೆ ಹಂಚಿಕೊಳ್ಳಿ. ಮೊದಲ ದಿನ ತಯಾರಿ, ಎರಡನೇ ದಿನ ನೋಡುವುದು. ಒಂದೇ ಸಂಜೆ ಎರಡನ್ನೂ ಮಾಡಲು ಹೋದವರು ಸಿನಿಮಾ ಶುರುವಾಗುವ ಹೊತ್ತಿಗೇ ಸುಸ್ತಾಗಿರುತ್ತಾರೆ.

ಹಂತ 1: ಸರಿಯಾದ ಪ್ರತಿ ಆರಿಸಿ

ಹಲವರು ಎಡವುವುದು ಇಲ್ಲೇ. ಹುಡುಕಿದಾಗ ಮೊದಲು ಸಿಕ್ಕಿದ್ದನ್ನು ಒತ್ತಿಬಿಡುತ್ತಾರೆ. ಒಂದೇ ಚಿತ್ರಕ್ಕೆ ಹತ್ತು ಪ್ರತಿ ಇರುತ್ತವೆ. ಕೆಲವು ಮೂರನೇ ತಲೆಮಾರಿನ ನಕಲು, ಕೆಲವು ಕತ್ತರಿಸಿದ್ದು.

ಮೊದಲು ಅವಧಿ ನೋಡಿ. ‘ಆಸ್ಫಾಲ್ಟ್’ನ ದುರಸ್ತಿಯಾದ ಪ್ರತಿ ಸುಮಾರು ಒಂದೂವರೆ ಗಂಟೆ ಓಡುತ್ತದೆ. ನಾಲ್ಕೈದು ನಿಮಿಷ ಹೆಚ್ಚು ಕಡಿಮೆ ಇದ್ದರೆ ಚಿಂತೆಯಿಲ್ಲ. ಅರವತ್ತೋ ಎಪ್ಪತ್ತೋ ನಿಮಿಷ ಅಂತ ತೋರಿಸಿದರೆ ಏನೋ ಹೋಗಿದೆ ಅಂತಲೇ ಅರ್ಥ.

ಆಮೇಲೆ ಮೊದಲ ಒಂದು ನಿಮಿಷ ನೋಡಿ. ಒಳ್ಳೆಯ ಪ್ರತಿಯ ಆರಂಭದಲ್ಲಿ ಯಾರು ದುರಸ್ತಿ ಮಾಡಿದರು, ಯಾವ ಫಿಲ್ಮಿನಿಂದ ಮಾಡಿದರು ಅಂತ ಬರೆದಿರುತ್ತದೆ. ಉಫಾದ ಹಳೆಯ ಚಿತ್ರಗಳನ್ನು ಈಗ ನೋಡಿಕೊಳ್ಳುವುದು ವೀಸ್‌ಬಾಡನ್ನಿನಲ್ಲಿರುವ ಫ್ರೀಡ್ರಿಶ್ ವಿಲ್ಹೆಲ್ಮ್ ಮುರ್ನಾವ್ ಪ್ರತಿಷ್ಠಾನ. ಆ ಹೆಸರು ಕಂಡರೆ ನೆಮ್ಮದಿ. ಬೆಂಗಳೂರಿನವರಾದರೆ ಇಂದಿರಾನಗರದ ಗೋಯ್ತೆ ಇನ್‌ಸ್ಟಿಟ್ಯೂಟ್, ಅಂದರೆ ನಾವು ಮ್ಯಾಕ್ಸ್ ಮುಲ್ಲರ್ ಭವನ ಅನ್ನುವ ಜಾಗದಲ್ಲಿ, ಜರ್ಮನ್ ಚಿತ್ರಗಳ ಬಗ್ಗೆ ವಿಚಾರಿಸಬಹುದು.

ಈ ಲಕ್ಷಣ ಕಂಡರೆ ಆ ಪ್ರತಿ ಬೇಡ:

ತಲೆ ಕತ್ತರಿಸಿದಂತೆ ಕಾಣುವುದು. ಮೂಕಿ ಚಿತ್ರದ ಚೌಕಟ್ಟು ಹೆಚ್ಚು ಕಡಿಮೆ ಚೌಕ, ಅಗಲ 4 ಆದರೆ ಎತ್ತರ 3. ಈಗಿನ ಅಗಲ ಟಿವಿ ತುಂಬಲಿ ಅಂತ ಕೆಲವರು ಮೇಲೆ ಕೆಳಗೆ ಕತ್ತರಿಸಿ ಹಾಕುತ್ತಾರೆ. ಹೋಲ್ಕ್‌ನ ಟೋಪಿ ಅರ್ಧ ಹೋಗಿದ್ದರೆ ಆ ಪ್ರತಿ ಮುಚ್ಚಿ.

ಎಡ ಅಂಚು ಕತ್ತರಿಸಿರುವುದು. ಟಾಕಿ ಬಂದಮೇಲೆ ಫಿಲ್ಮಿನ ಒಂದು ಅಂಚಿನಲ್ಲಿ ಧ್ವನಿಗೆ ಜಾಗ ಬಿಟ್ಟರು. ಮೂಕಿ ಚಿತ್ರವನ್ನು ಆ ಅಳತೆಯಲ್ಲಿ ನಕಲು ಮಾಡಿದರೆ ಎಡಗಡೆಯ ಪಟ್ಟಿ ಮಾಯ. ನಡುವೆ ನಿಲ್ಲಬೇಕಾದವರು ಎಡಕ್ಕೆ ಸರಿದು ನಿಂತಂತೆ ಕಾಣುತ್ತಾರೆ. ಟೈಟಲ್ ಕಾರ್ಡ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ: ಎಡಗಡೆ ಅಂಚೇ ಇರುವುದಿಲ್ಲ, ಬಲಗಡೆ ಜಾಸ್ತಿ ಜಾಗ.

“4ಕೆ, 60 ಎಫ್‌ಪಿಎಸ್, ಕಲರ್” ಅಂತ ಬರೆದಿರುವುದು. ಯಂತ್ರ ಕೊಟ್ಟ ಬಣ್ಣ, ಯಂತ್ರ ಹುಟ್ಟಿಸಿದ ಚೌಕಟ್ಟುಗಳು (ಫ್ರೇಮ್, ಅಂದರೆ ಫಿಲ್ಮಿನ ಒಂದೊಂದು ಬಿಡಿ ಚಿತ್ರ; ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಚೌಕಟ್ಟು). ಮುಖದ ಚರ್ಮ ಮೇಣದ ಹಾಗೆ ಆಗುತ್ತದೆ. ಮುಖವೇ ಮಾತಾಡುವ ಸಿನಿಮಾದಲ್ಲಿ ಮುಖ ಅಳಿಸಿದರೆ ಇನ್ನೇನು ಉಳಿಯುತ್ತೆ?

ಹಂತ 2: ವೇಗ ಪರೀಕ್ಷಿಸಿ

ಮೂಕಿ ಕಾಲದಲ್ಲಿ ಸೆಕೆಂಡಿಗೆ ಇಷ್ಟೇ ಚೌಕಟ್ಟು ಅಂತ ಒಂದೇ ನಿಯಮ ಇರಲಿಲ್ಲ. 16ರಿಂದ 24ರವರೆಗೆ ಎಲ್ಲವೂ ನಡೆಯುತ್ತಿತ್ತು. ಟಾಕಿ ಬಂದಮೇಲೆ 24 ಗಟ್ಟಿಯಾಯಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಜನ ಕುಪ್ಪಳಿಸಿದಂತೆ ಕಾಣುತ್ತಾರೆ. ಆ ಕುಪ್ಪಳಿಕೆ ನಟರದ್ದಲ್ಲ, ಓಡಿಸಿದವರದ್ದು.

ಪರೀಕ್ಷೆ ಸುಲಭ. ಯಾರಾದರೂ ಸುಮ್ನೆ ನಡೆದು ಹೋಗುವ ದೃಶ್ಯ ಹುಡುಕಿ. ಅವರ ಹೆಜ್ಜೆಗೆ ಸರಿಯಾಗಿ ನೀವೂ ಕೋಣೆಯಲ್ಲಿ ನಡೆದು ನೋಡಿ. ನಿಮಗೆ ಓಡಬೇಕಾಗಿ ಬಂದರೆ ವೇಗ ಜಾಸ್ತಿ.

ಲೆಕ್ಕ ಬೇಕು ಅನ್ನುವವರಿಗೆ: 35 ಎಂಎಂ ಫಿಲ್ಮಿನ ಒಂದು ಮೀಟರಿನಲ್ಲಿ ಸುಮಾರು ಐವತ್ತೆರಡೂವರೆ ಚೌಕಟ್ಟು. 2500 ಮೀಟರಿನ ಚಿತ್ರ 24ರ ವೇಗದಲ್ಲಿ 91 ನಿಮಿಷ, 20ರಲ್ಲಿ 109 ನಿಮಿಷ. ಚಿತ್ರದ ಮೂಲ ಉದ್ದ ಗೊತ್ತಿದ್ದರೆ ನಿಮ್ಮ ಫೈಲಿನ ಅವಧಿಯಿಂದ ವೇಗ ಹಿಡಿಯಬಹುದು.

ವಿಎಲ್‌ಸಿಯಲ್ಲಿ [ ಕೀ ಒತ್ತಿದರೆ ವೇಗ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ, ] ಒತ್ತಿದರೆ ಹೆಚ್ಚುತ್ತದೆ. 20ರ ಚಿತ್ರ 24ರಲ್ಲಿ ಓಡುತ್ತಿದ್ದರೆ 0.8ರ ಆಸುಪಾಸಿಗೆ ಇಳಿಸಿ. ಆದರೆ ದುರಸ್ತಿಯಾದ ಪ್ರತಿಯಲ್ಲಿ ಕೈ ಹಾಕಬೇಡಿ, ಅಲ್ಲಿ ವೇಗ ಆಗಲೇ ಸರಿ ಇರುತ್ತದೆ. ‘ಆಸ್ಫಾಲ್ಟ್’ ಮೂಕಿಯ ಕೊನೆಯ ದಿನಗಳ ಚಿತ್ರ, ಇದರಲ್ಲಿ ವೇಗದ ತೊಂದರೆ ಕಡಿಮೆ. 1920ರ ಆಚೀಚಿನ ಚಿತ್ರ ನೋಡುವಾಗ ಈ ಹಂತ ಬಿಡಲೇಬೇಡಿ.

ಹಂತ 3: ಟಿವಿಯನ್ನು ತಹಬಂದಿಗೆ ತನ್ನಿ

ಎರಡೇ ಕೆಲಸ. ಒಂದು, ಚಿತ್ರದ ಅಳತೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅಂತ ಇರುತ್ತದೆ, ಅದನ್ನು ಮೂಲ ಅಳತೆಗೆ ಅಥವಾ 4:3ಕ್ಕೆ ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲೇಬೇಕು. “ಪರದೆ ತುಂಬಿಲ್ಲ” ಅಂತ ಮನೆಯವರು ಎಳೆದು ಅಗಲ ಮಾಡಿದರೆ ಬೆಟ್ಟಿ ಅಮಾನ್ ಮುಖ ತಟ್ಟೆಯಂತಾಗುತ್ತದೆ.

ಎರಡು, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅನ್ನುತ್ತಾರೆ. ಪೂರ್ತಿ ಆಫ್ ಮಾಡಿ. ಇದು ಆನ್ ಇದ್ದರೆ ಗೀರುಗಳೂ ಧೂಳಿನ ಚುಕ್ಕಿಗಳೂ ಚಿತ್ರದ ಜೊತೆ ತೇಲುತ್ತವೆ, ನೋಡುವವರಿಗೆ ತಲೆನೋವು.

ಹಂತ 4: ಸಂಗೀತ ಕೇಳಿ ನೋಡಿ

ಮೂಕಿ ಅಂದರೆ ಮೌನ ಅಂತ ಅಲ್ಲ. ಚಿತ್ರಮಂದಿರದಲ್ಲಿ ಸಾಮಾನ್ಯವಾಗಿ ಯಾರಾದರೂ ನುಡಿಸುತ್ತಿದ್ದರು. ಹಾಗಾಗಿ ಧ್ವನಿ ಪೂರ್ತಿ ಮುಚ್ಚಿ ನೋಡುವುದು ತಪ್ಪು.

ಅದಕ್ಕಿಂತ ದೊಡ್ಡ ತಪ್ಪು, ಯಾವುದೋ ಸಂಗೀತದ ತುಣುಕನ್ನು ಸುತ್ತಿಸುತ್ತಿರುವ ಪ್ರತಿಯನ್ನು ನೋಡುವುದು. ಪರೀಕ್ಷೆ ಹೀಗೆ: ಮೊದಲರ್ಧದಲ್ಲಿ ಒಡವೆ ಅಂಗಡಿಯ ದೃಶ್ಯಕ್ಕೂ ಕೊನೆಯ ಠಾಣೆಯ ದೃಶ್ಯಕ್ಕೂ ಹೋಗಿ ಅರ್ಧರ್ಧ ನಿಮಿಷ ಕೇಳಿ. ಎರಡೂ ಕಡೆ ಅದೇ ಧಾಟಿಯ ಪಿಯಾನೋ ಕುಣಿಯುತ್ತಿದ್ದರೆ ಆ ಸಂಗೀತ ಚಿತ್ರಕ್ಕೆ ಮಾಡಿದ್ದಲ್ಲ. ಆಗ ಧ್ವನಿಯನ್ನು ಕಾಲು ಭಾಗಕ್ಕೆ ಇಳಿಸಿ. ಅದರ ಬದಲು ನಿಮ್ಮಿಷ್ಟದ ಸಿನಿಮಾ ಹಾಡು ಹಾಕಬೇಡಿ. ಹಾಡಿನ ಮಾತು ತಲೆಯಲ್ಲಿ ಓಡಲು ಶುರುವಾದರೆ ಎಲ್ಸಳ ಮಾತು ಕೇಳುವುದಿಲ್ಲ.

ಹಂತ 5: ಕನ್ನಡ ಸಬ್‌ಟೈಟಲ್ ಮಾಡಿ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ ಇದೇ. ನೀವು ಒಬ್ಬರೇ ನೋಡುವುದಾದರೆ, ಇಂಗ್ಲಿಷ್ ಸಲೀಸಾದರೆ, ಬಿಡಬಹುದು. ಮನೆಯವರಿಗೆ ತೋರಿಸುವುದಾದರೆ ಬಿಡಬೇಡಿ. ಮೂಕಿ ಚಿತ್ರದಲ್ಲಿ ಮಾತು ಕಡಿಮೆ, ಹಾಗಾಗಿ ಟಾಕಿಗೆ ವಾರಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಮೊದಲು ಚಿತ್ರವನ್ನು ಓಡಿಸುತ್ತಾ ಹೋಗಿ, ಪ್ರತಿ ಟೈಟಲ್ ಕಾರ್ಡ್ ಬಂದಾಗ ನಿಲ್ಲಿಸಿ. ಬಂದ ಹೊತ್ತು, ಹೋದ ಹೊತ್ತು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪತ್ರ, ಗುರುತಿನ ಚೀಟಿ, ಫಲಕ ಇಂಥವು ತೆರೆಯ ಮೇಲೆ ಬಂದರೆ ಅವನ್ನೂ ಬರೆದುಕೊಳ್ಳಿ. ಜನ ಮರೆಯುವುದು ಇವನ್ನೇ. ‘ಆಸ್ಫಾಲ್ಟ್’ನಲ್ಲಿ ಹೋಲ್ಕ್‌ನ ಗುರುತಿನ ಚೀಟಿ ಅವಳ ಮನೆಯಲ್ಲಿ ಉಳಿದುಬಿಡುತ್ತದೆ. ಅದು ಏನು ಅಂತ ಗೊತ್ತಾಗದಿದ್ದರೆ ಅವನು ಅವಳ ಮನೆಗೆ ಮತ್ತೆ ಹೋಗುವುದೇ ಅರ್ಥವಾಗುವುದಿಲ್ಲ.

ಆಮೇಲೆ ನೋಟ್‌ಪ್ಯಾಡ್ ತೆರೆದು ಹೀಗೆ ಟೈಪ್ ಮಾಡಿ:

1
00:12:05,000 --> 00:12:09,500
ನಿಮ್ಮನ್ನು ಬಿಡೋಕಾಗಲ್ಲ.

ಮೊದಲು ಕ್ರಮ ಸಂಖ್ಯೆ, ಅದರ ಕೆಳಗೆ ಹೊತ್ತು, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. (ಇಲ್ಲಿನ ಹೊತ್ತು, ಮಾತು ಎರಡೂ ಬರೀ ಉದಾಹರಣೆಗೆ.) ಒಂದು ಕಾರ್ಡಿಗೆ ಎರಡು ಸಾಲು ಸಾಕು. ಫೈಲನ್ನು ಯುಟಿಎಫ್-8 (UTF-8) ಎನ್‌ಕೋಡಿಂಗಿನಲ್ಲಿ, ಸಿನಿಮಾ ಫೈಲಿನ ಹೆಸರೇ ಇಟ್ಟು, ಕೊನೆಗೆ ಎಸ್‌ಆರ್‌ಟಿ (.srt) ವಿಸ್ತರಣೆ ಕೊಟ್ಟು ಅದೇ ಫೋಲ್ಡರಿನಲ್ಲಿ ಉಳಿಸಿ. ವಿಎಲ್‌ಸಿ ತಾನೇ ಎತ್ತಿಕೊಳ್ಳುತ್ತದೆ.

ಕನ್ನಡದ ಬದಲು ಚೌಕುಳಿ ಚೌಕುಳಿ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ವಿಎಲ್‌ಸಿಯ ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಆರಿಸಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ನೀವು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ, ಯೂನಿಕೋಡಿಗೆ ಬದಲಾಯಿಸಿ. ಜರ್ಮನ್ ಅಕ್ಷರದ ಮೇಲೆ ಕನ್ನಡ ಕೂತು ಎರಡೂ ಓದಲಾಗದಿದ್ದರೆ ಸಬ್‌ಟೈಟಲ್ ಹಿಂದೆ ಕಪ್ಪು ಹಿನ್ನೆಲೆ ಬರುವ ಸೆಟ್ಟಿಂಗ್ ಹಾಕಿ.

ಈಗ ಅನುವಾದದ ಮಾತು. ನೀವು ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡೇ ಮಾಡುವವರು ಅಂತ ಇಟ್ಟುಕೊಳ್ಳೋಣ. ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ. ಜರ್ಮನ್‌ನಲ್ಲಿ ನಮ್ಮ ಹಾಗೇ ಎರಡು ಇವೆ: ‘ಜೀ’ ಅಂದರೆ ನೀವು, ‘ದೂ’ ಅಂದರೆ ನೀನು. ಆದ್ದರಿಂದ ತೆರೆಯ ಮೇಲಿನ ಜರ್ಮನ್ ಕಾರ್ಡನ್ನೇ ನೋಡಿ. ವಾಕ್ಯದ ನಡುವೆ ದೊಡ್ಡ ಎಸ್‌ನಿಂದ ಶುರುವಾಗುವ ಎಸ್-ಐ-ಇ ಇದ್ದರೆ ನೀವು. ಡಿ-ಯು ಇದ್ದರೆ ನೀನು. ವಾಕ್ಯದ ಮೊದಲಲ್ಲೇ ಎಸ್-ಐ-ಇ ಬಂದರೆ ಅವಳು, ಅವರು ಅಂತಲೂ ಆಗಬಹುದು, ಸಂದರ್ಭ ನೋಡಿ.

ಮೊದಲ ಸಲ ನಾನು ಇಲ್ಲೇ ಕೆಟ್ಟೆ. ಪೊಲೀಸ್ ಕಳ್ಳಿಯನ್ನು ಹಿಡಿದಿದ್ದಾನೆ ಅಂತ ನಮ್ಮ ಠಾಣೆಯ ಅಭ್ಯಾಸದಲ್ಲಿ ಶುರುವಿನಿಂದಲೇ “ನಡಿ”, “ಸುಮ್ನಿರು” ಅಂತ ಏಕವಚನ ಹಾಕಿದೆ. ಅಮ್ಮನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಇವನಿಗೆ ಅವಳು ಮೊದಲೇ ಗೊತ್ತಾ?” ಮತ್ತೆ ಕೂತು ಮೊದಲ ಭಾಗವನ್ನೆಲ್ಲ ಬಹುವಚನಕ್ಕೆ ತಿದ್ದಿದೆ. ಆಗ ಹೋಲ್ಕ್ ಬಿಗಿಯಾದ, ಕಾನೂನು ಬಿಟ್ಟು ಆಚೀಚೆ ಹೋಗದ ಹುಡುಗನಾದ. ಅವನ ಬಾಯಲ್ಲಿ ನೀವು ಹೋಗಿ ನೀನು ಬರುವ ಜಾಗ ಕಂಡರೆ ಅದೇ ಪ್ರೀತಿಯ ಸುಳಿವು. ಇಂಗ್ಲಿಷಿನಲ್ಲಿ ನೋಡಿದವರಿಗೆ ಸಿಗದ ಈ ಸುಳಿವು ಕನ್ನಡದವರಿಗೆ ಸಿಗುತ್ತದೆ.

ಮಗ ಅಪ್ಪನನ್ನು ಏನಂತಾನೆ ಅನ್ನುವುದನ್ನು ನಿಮ್ಮ ಮನೆಯ ರೂಢಿಗೆ ಬಿಡಿ. “ಅಪ್ಪಾ, ನೀನು” ಅನ್ನುವ ಮನೆಯೂ ಸರಿ, “ನೀವು” ಅನ್ನುವ ಮನೆಯೂ ಸರಿ. ಕೊನೆಯವರೆಗೂ ಒಂದೇ ಇರಲಿ. ಇನ್ನೊಂದು ಎಚ್ಚರಿಕೆ: ತುಟಿ ಅಲ್ಲಾಡುವುದು ಕಂಡಾಗಲೆಲ್ಲ ಮಾತು ಸೇರಿಸಬೇಡಿ. ಕಾರ್ಡ್ ಇಲ್ಲದ ಕಡೆ ಮಾತು ಬೇಡ ಅಂತ ನಿರ್ದೇಶಕನೇ ತೀರ್ಮಾನಿಸಿದ್ದಾನೆ.

ಹಂತ 6: ಹತ್ತು ನಿಮಿಷದ ತಾಲೀಮು

ನೋಡುವ ದಿನಕ್ಕೆ ಮುಂಚೆ ಅದೇ ಟಿವಿಯಲ್ಲಿ, ಅದೇ ಕೇಬಲಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ. ಸಬ್‌ಟೈಟಲ್ ಬೇಗ ಅಥವಾ ತಡವಾಗಿ ಬರುತ್ತಿದ್ದರೆ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಗಳಿಂದ ಸರಿಸಬಹುದು. ಶುರುವಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ತಪ್ಪುತ್ತಿದ್ದರೆ ಆ ಸಬ್‌ಟೈಟಲ್ ಬೇರೆ ವೇಗದ ಪ್ರತಿಗೆ ಮಾಡಿದ್ದು. ಆಗ ಈ ಕೀಗಳಿಂದ ಆಗುವುದಿಲ್ಲ, ಹೊತ್ತುಗಳನ್ನೇ ತಿದ್ದಬೇಕು.

ಹಂತ 7: ನೋಡುವಾಗ ಕಣ್ಣು ಎಲ್ಲಿರಬೇಕು

ಲೈಟ್ ಆರಿಸಿ. ಫೋನು ಬೇರೆ ಕೋಣೆಯಲ್ಲಿ. ಟಾಕಿಯಲ್ಲಿ ಫೋನ್ ನೋಡುತ್ತಲೂ ಮಾತು ಕಿವಿಗೆ ಬೀಳುತ್ತೆ. ಇಲ್ಲಿ ಕಣ್ಣು ತೆಗೆದರೆ ಕಥೆ ಹೋಯಿತು.

ಚಿತ್ರ ರಸ್ತೆಯಿಂದ ಶುರುವಾಗುತ್ತದೆ: ಡಾಂಬರು ಹಾಕುವ ಕೆಲಸದವರು, ವಾಹನಗಳು, ಒಂದರ ಮೇಲೊಂದು ಬಿದ್ದ ಚಿತ್ರಗಳು. ಕಥೆ ಎಲ್ಲಿ ಅಂತ ಹುಡುಕಬೇಡಿ, ಇನ್ನೂ ಬಂದಿಲ್ಲ. ನನಗೆ ಗೊತ್ತಿರುವ ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ಇಲ್ಲೇ ಬಿಟ್ಟಿದ್ದಾರೆ. ಆ ಗದ್ದಲವನ್ನು ಹಾಗೇ ಮೈಮೇಲೆ ಹಾಕಿಕೊಳ್ಳಿ, ಆಮೇಲೆ ಬರುವ ಹೋಲ್ಕ್‌ನ ಮನೆಯ ಮೌನ ಆಗ ಗೊತ್ತಾಗುತ್ತದೆ.

ಒಡವೆ ಅಂಗಡಿಯಲ್ಲಿ ಎಲ್ಸಳ ಮುಖ ನೋಡಬೇಕು ಅನ್ನಿಸುತ್ತದೆ. ವಯಸ್ಸಾದ ಅಂಗಡಿಯವನು ನೋಡುವುದೂ ಅವಳ ಮುಖವನ್ನೇ, ಅವನು ಮೋಸ ಹೋಗುವುದೂ ಅದಕ್ಕೇ. ನೀವು ಅವಳ ಕೊಡೆಯ ತುದಿ ನೋಡಿ. ವಜ್ರ ಹೋಗಿ ಸೇರುವುದು ಅಲ್ಲಿ.

ಅವಳ ಮನೆಯ ದೃಶ್ಯ ಉದ್ದ. ಇದಕ್ಕೆ ಆತುರ ಬೇಡ, ಮುಂದಕ್ಕೆ ಓಡಿಸಲೂ ಬೇಡ. ಅವಳು ಅಳುತ್ತಾಳೆ, ಬೇಡುತ್ತಾಳೆ, ಮಂಚಕ್ಕೆ ಹೋಗುತ್ತಾಳೆ, ಎದ್ದು ಬಂದು ಅವನನ್ನು ತಬ್ಬಿ ಹಿಡಿಯುತ್ತಾಳೆ. ಅವಳು ಏನು ಮಾಡುತ್ತಾಳೆ ಅನ್ನುವುದಕ್ಕಿಂತ ಅವನ ಸಮವಸ್ತ್ರ ನೋಡಿ. ಗುಂಡಿ ಗುಂಡಿಗೂ ಬಿಗಿದ ಆ ಬಟ್ಟೆಯೊಳಗೆ ಒಬ್ಬ ಹುಡುಗ ಸೋಲುತ್ತಿರುವುದು ಕಾಣುತ್ತದೆ. ಅಳು ನಿಜವೋ ನಾಟಕವೋ ಅಂತ ನೋಟ್‌ಬುಕ್ಕಿನಲ್ಲಿ ನಿಮ್ಮ ಉತ್ತರ ಬರೆದಿಡಿ. ಚಿತ್ರ ಮುಗಿದ ಮೇಲೆ ಮತ್ತೆ ಓದಿ.

ಆ ಸಮವಸ್ತ್ರದ ಜಾಡನ್ನೇ ಹಿಡಿದುಕೊಂಡು ಹೋಗಿ. ಕೊನೆಗೆ ಮಗ ಬಂದು ತಾನು ಮಾಡಿದ್ದನ್ನು ಹೇಳಿದಾಗ, ಪೊಲೀಸನೇ ಆದ ಅಪ್ಪ ಎದ್ದು ತನ್ನ ಸಮವಸ್ತ್ರ ಹಾಕಿಕೊಳ್ಳುತ್ತಾನೆ. ಆಲ್ಬರ್ಟ್ ಸ್ಟೈನ್‌ರೂಕ್ ಆ ಪಾತ್ರ ಮಾಡಿದವರು. ಅಪ್ಪ ಬೈಯುವುದಿಲ್ಲ, ಹೊಡೆಯುವುದಿಲ್ಲ, ಬಟ್ಟೆ ಹಾಕಿಕೊಳ್ಳುತ್ತಾನೆ ಅಷ್ಟೇ. ನಮ್ಮ ಮನೆಯಲ್ಲಿ ಗೋಡೆಗೆ ಒರಗಿದ್ದ ಅಮ್ಮ ಇಲ್ಲಿ ನೆಟ್ಟಗೆ ಕೂತರು. “ಅಯ್ಯೋ, ಅವನೇ ಕರ್ಕೊಂಡು ಹೋಗ್ತಾನಲ್ಲ” ಅಂದರು. ಆ ಹೊತ್ತಿಗೆ ಪರದೆಯ ಮೇಲೆ ಒಂದಕ್ಷರವೂ ಇರಲಿಲ್ಲ.

ಹಂತ 8: ಹತ್ತು ಜನಕ್ಕೆ ತೋರಿಸುವುದಾದರೆ

ಓದಲು ಬಾರದ ಹಿರಿಯರಿದ್ದರೆ ಒಬ್ಬರು ಕಾರ್ಡ್‌ಗಳನ್ನು ಗಟ್ಟಿಯಾಗಿ ಓದಿ. ಮೂಕಿ ಕಾಲದಲ್ಲಿ ನಮ್ಮ ದೇಶದ ಟೆಂಟುಗಳಲ್ಲೂ ಹೀಗೆ ಓದಿ ಹೇಳುವವರಿದ್ದರು. ದನಿ ಸಾದಾ ಇರಲಿ. ಹೆಣ್ಣಿನ ದನಿ, ಅಳುವ ದನಿ ಮಾಡಲು ಹೋದರೆ ಮಕ್ಕಳು ನಗುತ್ತಾರೆ, ದೃಶ್ಯ ಕೈಬಿಟ್ಟು ಹೋಗುತ್ತದೆ. ಕಾರ್ಡ್ ಬಂದ ಕೂಡಲೇ ಓದಿ, ಓದಿ ಸುಮ್ಮನಾಗಿ. ಮುಂದೇನಾಗುತ್ತೆ ಅಂತ ವಿವರಿಸಬೇಡಿ.

ಇಂಟರ್‌ವಲ್ ಬೇಕೇ ಬೇಕು ಅಂದರೆ ಹೋಲ್ಕ್ ಅವಳ ಮನೆಯಿಂದ ಮೊದಲ ಸಲ ಹೊರಟ ಮೇಲೆ ಕೊಡಿ. ಅದಕ್ಕೆ ಮುಂಚೆ ಎಲ್ಲೂ ನಿಲ್ಲಿಸಬೇಡಿ.

ಊರಿನ ಸಭಾಂಗಣದಲ್ಲೋ ಕಾಲೇಜಿನಲ್ಲೋ ತೋರಿಸುವುದಾದರೆ ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಹಳೆಯ ಚಿತ್ರ ಅಂತ ಧೈರ್ಯ ಮಾಡುವವರು ಮರೆಯುವುದು ಏನೆಂದರೆ, ಈಚೆಗೆ ಬರೆದ ಹಿನ್ನೆಲೆ ಸಂಗೀತಕ್ಕೆ ಅದರದೇ ಹಕ್ಕು ಇರುತ್ತದೆ. ಆ ಪ್ರತಿ ಹೊರತಂದವರಿಗೆ ಮೊದಲೇ ಒಂದು ಪತ್ರ ಬರೆದು ಕೇಳಿ.

ಹಂತ 9: ಎರಡನೇ ಸಲ

ಒಂದು ವಾರ ಬಿಟ್ಟು ಸಬ್‌ಟೈಟಲ್ ಆಫ್ ಮಾಡಿ ನೋಡಿ. ವಿಎಲ್‌ಸಿಯಲ್ಲಿ ವಿ ಕೀ ಒತ್ತಿದರೆ ಸಾಕು. ಪೂರ್ತಿ ಬೇಡ, ಒಡವೆ ಅಂಗಡಿಯಿಂದ ಅವಳ ಮನೆಯವರೆಗೆ. ಜರ್ಮನ್ ಕಾರ್ಡ್‌ಗಳು ಬಂದು ಹೋಗಲಿ. ಎಲ್ಲಿ ಮಾತು ಬೇಕಿತ್ತು ಅನ್ನಿಸುತ್ತದೋ ಆ ಹೊತ್ತನ್ನು ಬರೆದುಕೊಳ್ಳಿ, ಆಮೇಲೆ ನಿಮ್ಮ ಫೈಲಿನಲ್ಲಿ ಆ ಸಾಲನ್ನು ತೆರೆದು ನೋಡಿ. ನೀವು ಮಾಡಿದ ಅನುವಾದದಲ್ಲಿ ತಿದ್ದಬೇಕಾದ ಸಾಲುಗಳು ಅವೇ.